ಹೆಲ್ಮೆಟ್ ಕೊಡಲಿಲ್ಲ

ಬ್ಯಾಜರ್ಸ್ ಮೈದಾನ, ಕೆನಡಾ
9 ಜೂನ್ 2025

ಕೃಷ್ಣವ್ವ ಅಕ್ಕೋರಿಗೆ ಶಿವಾನಿಯ ನಮಸ್ಕಾರ.

ಗೆದ್ದಿರಿ ನೀವು. ಪೆನ್ನು ಹಿಡಿದಿದ್ದೇನೆ. ಎರಡು ತಿಂಗಳಿಂದ ವಾಟ್ಸಾಪ್‌ನಲ್ಲಿ ಕಳಿಸಿದ ಯಾವುದಕ್ಕೂ ನಿಮ್ಮ ಉತ್ತರವಿರಲಿಲ್ಲ. ಕೊನೆಗೆ ನಿಮ್ಮ ತಮ್ಮ ಶಂಕ್ರೆಪ್ಪ ಅಣ್ಣನಿಗೆ ಫೋನ್ ಮಾಡಿದೆ. "ಅಕ್ಕ ಮೊಬೈಲ್ ಮುಟ್ಟೂದಿಲ್ಲ ತಂಗಿ. ಕಾಗದ ಬರಿ, ಓದತಾಳ" ಅಂದರು. ನಲವತ್ತನಾಲ್ಕಕ್ಕೇ ಇಷ್ಟು ಹಳೆಯ ಕಾಲದವರಾದಿರೇನು?

ಸುದ್ದಿ ಇದು: ಬೈಲಹೊಂಗಲದ ಹತ್ತಿ ವ್ಯಾಪಾರಿಯ ಮಗಳು, ಮುರಗೋಡದ ಅಜ್ಜಿ ಮನೆಯಲ್ಲಿದ್ದು ನೀವು ಕಲಿಸುವ ಶಾಲೆಯ ಕಬಡ್ಡಿ ತಂಡದಲ್ಲಿ ಒಂದೂ ಪಂದ್ಯ ಆಡದೆ ಮೂರು ವರ್ಷ ಎಲ್ಲರ ಕಾಲಿಗೆ ಪಟ್ಟಿ ಸುತ್ತಿದವಳು, ಈಗ ಒಂದು ವೃತ್ತಿಪರ ಫುಟ್‌ಬಾಲ್ ತಂಡದ ಸಹಾಯಕ ಥೆರಪಿಸ್ಟ್. ತಂಡದ ಹೆಸರು ಬ್ಯಾಜರ್ಸ್. ಬ್ಯಾಜರ್ ಎಂದರೆ ನೆಲ ತೋಡುವ ಒಂದು ಸಣ್ಣ, ಸಿಟ್ಟಿನ ಪ್ರಾಣಿ. ಹೋದ ವರ್ಷ ನಮ್ಮ ತಂಡ ಹದಿನೆಂಟರಲ್ಲಿ ಮೂರು ಪಂದ್ಯ ಗೆದ್ದಿತ್ತು.

ಇಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಎಸೆಯುವುದು, ಎದುರಿನವರು ಮೈಮೇಲೆ ಬಿದ್ದು ಕೆಡವುವುದು. ಒಂದೊಂದು ಕಡೆ ಹನ್ನೆರಡು ಮಂದಿ. ಮೂರು ಸಲದಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಿನವರಿಗೆ. ಕಬಡ್ಡಿಯಲ್ಲಿ ಎರಡು ಖಾಲಿ ರೈಡ್ ಆದಮೇಲೆ ಮೂರನೆಯದು ಮಾಡು ಇಲ್ಲವೇ ಮಡಿ ಇರುತ್ತದಲ್ಲ, ಹಾಗೆ. ನಿಮಗೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ತರಬೇತುದಾರರ ಹೆಸರು ಮಕ್‌ಗ್ರಾ. ಮೊದಲ ದಿನ ನನ್ನನ್ನು ನೋಡಿ, "ನೀರಿನ ಬಾಟಲಿ ಅಲ್ಲಿವೆ" ಅಂದರು. ನಾನು ಅಲ್ಲೇ ಇದ್ದ ನೂರಿಪ್ಪತ್ತು ಕೆಜಿಯ ಆಟಗಾರನ ಪಾದ ಎತ್ತಿ ಮೊಣಕಾಲ ಮೇಲಿಟ್ಟುಕೊಂಡು ಟೇಪು ಸುತ್ತತೊಡಗಿದೆ. ಬಾಟಲಿ ಇನ್ನೂ ಅಲ್ಲೇ ಇವೆ.

ನಿಮ್ಮ
ಶಿವಾನಿ

*

ಮುರಗೋಡ
2 ಜುಲೈ 2025

ಶಿವಾನಿ,

ಪತ್ರ ಬಂತು. ಅಕ್ಷರ ಕೆಟ್ಟಿದೆ. ತಿದ್ದಿಕೋ.

ಬಾಟಲಿ ಮುಟ್ಟಲಿಲ್ಲ ಎಂದು ಓದಿ ನಕ್ಕೆ. ಮೊದಲ ದಿನ ಬಾಟಲಿ ಎತ್ತಿದರೆ ಕೊನೆಯ ದಿನದವರೆಗೂ ಎತ್ತುತ್ತಿರಬೇಕು. ನನ್ನನ್ನು ಮೊದಲ ಸಲ ಆಯ್ಕೆಗೆ ಕರೆದಾಗ ಒಬ್ಬರು ಅಡ್ಡಹೆಸರು ಕೇಳಿದರು, ಅದನ್ನು ಬಿಟ್ಟು ಊರು ಸುರೇಬಾನ ಅಂದೆ, ಊರಲ್ಲಿ ಯಾವ ಓಣಿ ಎಂದು ಕೇಳಿದರು. ಹೇಳಿದೆ. ತಂಡದ ಕೊನೆಯವಳಾಗಿ, ಹನ್ನೆರಡನೆಯವಳಾಗಿ ಹೆಸರು ಬರೆದುಕೊಂಡರು. ಅಂದೇ ತೀರ್ಮಾನ ಮಾಡಿದೆ, ಒಮ್ಮೆ ಅಂಕಣಕ್ಕೆ ಇಳಿದರೆ ಯಾರೂ ನನ್ನನ್ನು ಕೂಡಿಸಬಾರದು ಎಂದು. ಆರು ವರ್ಷ ಆಡಿದೆ. ಒಂದು ಪಂದ್ಯಕ್ಕೂ ಕೂಡಲಿಲ್ಲ. ನಿಮಗೆಲ್ಲ ಅದನ್ನೇ ಹೇಳಿದ್ದೇನೆ. ಕುಂಡ್ರಬ್ಯಾಡ. ಕೂತವಳ ಜಾಗದಲ್ಲಿ ಇನ್ನೊಬ್ಬಳು ನಿಲ್ಲುತ್ತಾಳೆ. ಮತ್ತೆ ಯಾರೂ ನಿನ್ನನ್ನು ಕರೆಯುವುದಿಲ್ಲ.

ಈ ವರ್ಷದ ಹುಡುಗಿಯರು ಚಲೋ ಇದ್ದಾರೆ. ಸಾಲಿಯ ಮೈದಾನದಲ್ಲಿ ಹೊಸ ಖೋಲಿಗೆ ಕಲ್ಲು, ಉಸುಕು ತಂದು ಸುರಿದಿದ್ದಾರೆ. ಮಠದ ಹಿಂದಿನ ಬಯಲಿನಲ್ಲಿ ಅಂಕಣ ಗೆರೆ ಹೊಡೆದುಕೊಂಡಿದ್ದೇವೆ. ಪ್ರಣಿತಾ ಎಂಬ ಹತ್ತನೆಯ ತರಗತಿಯ ಹುಡುಗಿ ಇದ್ದಾಳೆ. ರೈಡಿಗೆ ಹೋದರೆ ಹಾವು ಸರಿದ ಹಾಗೆ. ಯುವಕ ಸಂಘದ ಅಧ್ಯಕ್ಷ ರಾಮಲಿಂಗಪ್ಪ ಎಲ್ಲರಿಗೂ ಹೊಸ ಜರ್ಸಿ ಹೊಲಿಸಿಕೊಟ್ಟಿದ್ದಾರೆ. ಬೆನ್ನ ಮೇಲೆ ಹುಡುಗಿಯರ ಹೆಸರಿಗಿಂತ ಅವರ ಹೆಸರು ದೊಡ್ಡದಿದೆ.

ಧಾರವಾಡದ ಫೈನಲ್‌ನಲ್ಲಿ ನೀನು ಎಡ ಕಾರ್ನರ್‌ನಲ್ಲಿ ನಿಂತದ್ದು ನೆನಪಿದೆಯಲ್ಲ? ಹಾಗೆ ನಿಲ್ಲು.

ಕೃಷ್ಣವ್ವ

*

ಕೆನಡಾ
27 ಜುಲೈ 2025

ಅಕ್ಕೋರೆ,

ಧಾರವಾಡದ ಫೈನಲ್‌ನಲ್ಲಿ ನಾನು ನಿಂತೆನೇ? ಆಗ ನನಗೆ ಎಂಟು ವರ್ಷ! ತಮಾಷೆ ಮಾಡುವುದನ್ನು ಯಾವಾಗ ಕಲಿತಿರಿ? ನಿಂತವರು ನೀವು. ಆದರೂ ಖುಷಿಯಾಯಿತು, ಬಿಡಿ.

ನಮ್ಮದು ಏಳಕ್ಕೆ ಏಳೂ ಸೋಲು. ಊರಿನ ಪತ್ರಿಕೆಯಲ್ಲಿ ನಮ್ಮ ವ್ಯಂಗ್ಯಚಿತ್ರ ಬಂದಿದೆ. ಬ್ಯಾಜರ್ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತಿದೆ. ಮಾಲೀಕರು ತಂಡವನ್ನು ಮಾರುತ್ತಾರೆ ಎಂಬ ಗಾಳಿಸುದ್ದಿಯೂ ಇದೆ.

ಏಳನೆಯ ಸೋಲಿನ ನಂತರ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಬಗ್ಗಿ ಬೂಟಿನ ಲಾಡಿ ಬಿಚ್ಚುತ್ತಿದ್ದರು. ನಮ್ಮ ಕ್ವಾರ್ಟರ್‌ಬ್ಯಾಕ್ ಡೆಸ್ಮಂಡ್, ಎಂದರೆ ಚೆಂಡು ಎಸೆಯುವವನು, ತಂಡದ ಮಿದುಳು, ತಲೆ ತಗ್ಗಿಸಿ ಕೂತಿದ್ದ. ಅವನ ಮಣಿಕಟ್ಟಿನ ಟೇಪು ಬಿಚ್ಚುತ್ತ ನಾನು ಸುಮ್ಮನಿರಲಾರದೆ ನಿಮ್ಮ ಕಥೆ ಹೇಳಿಬಿಟ್ಟೆ. 2003, ಧಾರವಾಡ, ಕೊನೆಯ ಎರಡು ನಿಮಿಷ. ಎದುರಾಳಿಯ ಮೊಣಕಾಲು ನಿಮ್ಮ ಹಣೆಗೆ ಬಡಿದದ್ದು, ನೀವು ವೇಲಿನಿಂದ ತಲೆ ಬಿಗಿದು ಮತ್ತೆ ಇಳಿದದ್ದು, ಒಂದು ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಕೊನೆಯ ರೈಡರ್ ಹುಡುಗಿಯ ಕಾಲು ಹಿಡಿದು ಬಿಡದೇ ಇದ್ದದ್ದು. ಒಬ್ಬೊಬ್ಬರಾಗಿ ಎಲ್ಲರೂ ತಲೆ ಎತ್ತಿ ಕೇಳತೊಡಗಿದರು. ಮುಗಿದಾಗ ಕಪಾಟುಗಳಿಗೆ ಗುದ್ದಿ ಗುದ್ದಿ ಗದ್ದಲವೆಬ್ಬಿಸಿದರು.

"ಆಕೆ ಏನು ಹೇಳುತ್ತಿದ್ದರು?" ಎಂದು ಡೆಸ್ಮಂಡ್ ಕೇಳಿದ. "ಕುಂಡ್ರಬ್ಯಾಡ" ಅಂದೆ. ಅರ್ಥ ಹೇಳಿದೆ. ಹೊಸ ಟೇಪಿನ ಮೇಲೆ ಅದನ್ನು ಕನ್ನಡದಲ್ಲೇ ಬರೆಸಿಕೊಂಡ. ಮರುದಿನ ಇಪ್ಪತ್ತು ಮಂದಿ ಸಾಲಾಗಿ ನಿಂತಿದ್ದರು. ಈಗ ಇಡೀ ತಂಡದ ಕೈಮೇಲೆ ನಿಮ್ಮ ಮಾತಿದೆ. ಅವರ ಬಾಯಲ್ಲಿ ಅದು "ಕುಂಡ್ರಾಬಾಡಾ" ಆಗಿದೆ, ಕ್ಷಮಿಸಿ.

ಶಿವಾನಿ

*

ಮುರಗೋಡ
19 ಆಗಸ್ಟ್ 2025

ಶಿವಾನಿ,

ನಿನ್ನ ಪತ್ರವನ್ನು ಹುಡುಗಿಯರಿಗೆ ಓದಿ ಹೇಳಿದೆ. ಪ್ರಣಿತಾ ಓದಿದಳು, ನಾನು ಕೇಳಿದೆ. ಅವಳೂ ಕೈಮೇಲೆ ಬರೆದುಕೊಂಡಿದ್ದಾಳೆ.

ಸವದತ್ತಿಯಲ್ಲಿ ತಾಲೂಕು ಗೆದ್ದೆವು. ಮೂರು ಪಂದ್ಯ, ಮೂರೂ.

ಸೋಲಿನ ಬಗ್ಗೆ ಅಳಬೇಡ. ನಿನ್ನ ತಂಡದಲ್ಲಿ ಒಂದು ಕಡೆಗೆ ಎಷ್ಟು ಮಂದಿ ಆಡುತ್ತಾರೆ, ಅದನ್ನು ಬರೆಯಲೇ ಇಲ್ಲವಲ್ಲ. ಆಟ ತಿಳಿಯದೆ ಹೇಗೆ ಹೇಳಲಿ.

ಬಿಸಿಲು ಬಹಳ. ಸವದತ್ತಿಯಲ್ಲಿ ತಾಲೂಕು ಗೆದ್ದೆವು.

ಕೃಷ್ಣವ್ವ

*

ಕೆನಡಾ
14 ಸೆಪ್ಟೆಂಬರ್ 2025

ಅಕ್ಕೋರೆ,

ಹನ್ನೆರಡು ಮಂದಿ. ಮೊದಲ ಪತ್ರದಲ್ಲೇ ಬರೆದಿದ್ದೆ.

ನಿಮ್ಮ ಪತ್ರ ಓದಿ ಮನಸ್ಸಿಗೆ ಕಸಿವಿಸಿಯಾಗಿದೆ. ಇಷ್ಟು ಚಿಕ್ಕದು, ಸಾಲುಗಳೆಲ್ಲ ಬಲಕ್ಕೆ ಕೆಳಗಿಳಿದಿವೆ, ಹೇಳಿದ್ದನ್ನೇ ಎರಡು ಸಲ ಹೇಳಿದ್ದೀರಿ. ಯಾವುದೋ ಸಭೆಯಲ್ಲಿ ಕೂತು ಬೇಸರದಿಂದ ಗೀಚಿದ ಹಾಗಿದೆ. ನಿಮ್ಮ ಕಥೆಯನ್ನು ಪರಕೀಯರ ಮುಂದೆ ಹೇಳಿದ್ದು ಸಿಟ್ಟಾಯಿತೇ? ಹಾಗಿದ್ದರೆ ನೇರ ಬೈಯಿರಿ. ನಿಮ್ಮ ಬೈಗುಳ ನನಗೆ ಹೊಸದಲ್ಲ.

ಇಲ್ಲಿ ಗಾಳಿ ತಿರುಗಿದೆ! ಏಳು ಸೋಲಿನ ನಂತರ ಆರು ಪಂದ್ಯ ಆಡಿ ಐದು ಗೆದ್ದಿದ್ದೇವೆ. ಪ್ರೇಕ್ಷಕರು ಕನ್ನಡದ ಫಲಕ ಹಿಡಿದು ಬರುತ್ತಿದ್ದಾರೆ. ಒಂದರಲ್ಲಿ ಒತ್ತಕ್ಷರ ತಲೆಕೆಳಗಾಗಿತ್ತು. ಮಕ್‌ಗ್ರಾ ಈಗ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಡೆಸ್ಮಂಡ್ ಪ್ರತಿ ವಾರ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುತ್ತಾನೆ, ಎಲ್ಲರಿಗಿಂತ ಮೊದಲು ಏಳುತ್ತಾನೆ. ಎದ್ದವನೇ ನನ್ನ ಕಡೆ ಮಣಿಕಟ್ಟು ಎತ್ತಿ ತೋರಿಸುತ್ತಾನೆ. ಮೊದಮೊದಲು ನಾನೂ ಕೈ ಎತ್ತುತ್ತಿದ್ದೆ. ಈಚೆಗೆ ಯಾಕೋ ಎತ್ತಲಾಗುತ್ತಿಲ್ಲ.

ಬೇಗ ಬರೆಯಿರಿ.

ಶಿವಾನಿ

*

ಕೆನಡಾ
27 ಅಕ್ಟೋಬರ್ 2025

ಅಕ್ಕೋರೆ,

ನಿಮ್ಮ ಉತ್ತರ ಬರಲೇ ಇಲ್ಲ. ಕಾಯುವಷ್ಟು ತಾಳ್ಮೆ ನನಗಿಲ್ಲ, ನಡೆದದ್ದನ್ನು ನೀವು ನನ್ನಿಂದಲೇ ಕೇಳಬೇಕು.

ಶನಿವಾರ ಲೀಗಿನ ಕೊನೆಯ ಪಂದ್ಯ. ಎಂಟು ಗೆಲುವು, ಒಂಬತ್ತು ಸೋಲು. ಇದೊಂದು ಗೆದ್ದರೆ ಮುಂದಿನ ಸುತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಇಪ್ಪತ್ತೈದು ಸಾವಿರ ಜನ, ಮೈ ಕೊರೆಯುವ ಚಳಿ.

ಪಂದ್ಯಕ್ಕೆ ನಾಲ್ಕು ಪಾದ; ಎರಡನೆಯ ಪಾದದಲ್ಲಿ ನಮ್ಮವನೊಬ್ಬನ ಕಾಲು ಮುರಿಯಿತು. ನನ್ನ ಮೇಲಿನವರೂ ತಂಡದ ಡಾಕ್ಟರೂ ಅವನ ಜೊತೆ ಒಳಗೆ ಹೋದರು. ಗೆರೆಯ ಬಳಿ ನಾನೊಬ್ಬಳೇ. ಆಗ ಡೆಸ್ಮಂಡ್‌ನ ಮೇಲೆ ಇಬ್ಬರು ಬಿದ್ದರು. ಅವನ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಎಂದಿನಂತೆ ಎದ್ದ, ಮಣಿಕಟ್ಟು ಎತ್ತಿದ. ಜನ ಚಪ್ಪಾಳೆ ತಟ್ಟಿದರು. ಆದರೆ ಅವನು ಕೈ ಎತ್ತಿದ್ದು ಎದುರಾಳಿಗಳ ಬೆಂಚಿನ ಕಡೆಗೆ. ಆ ಕಡೆಗೇ ಎರಡು ಹೆಜ್ಜೆ ನಡೆದ, ನಿಂತ, ತಿರುಗಿದ.

ಕರೆಸಿದೆ. "ಎಷ್ಟನೆಯ ಪಾದ?" "ಮೂರನೆಯದು." "ಕೊನೆಯ ಅಂಕ ಯಾರು ತೆಗೆದರು?" ನಕ್ಕ. "ನೀನೇ ಹೇಳು" ಅಂದ. ನಾನು ಅವನ ಹೆಲ್ಮೆಟ್ ತೆಗೆದುಕೊಂಡೆ.

ಮಕ್‌ಗ್ರಾ ಓಡಿ ಬಂದರು. "ಅವನು ಸರಿ ಇದ್ದಾನೆ. ಹೆಲ್ಮೆಟ್ ಕೊಡು."

"ಕೊಡುವುದಿಲ್ಲ."

"ಡಾಕ್ಟರ್ ನೋಡಲಿ. ಅಲ್ಲಿಯವರೆಗೆ ಆಡಲಿ."

"ಡಾಕ್ಟರ್ ನೋಡಲಿ. ಅಲ್ಲಿಯವರೆಗೆ ಕೂಡಲಿ."

ಅವರು ಕಿತ್ತುಕೊಳ್ಳಲು ಬಂದರು. ನಾನು ಹೆಲ್ಮೆಟನ್ನು ಬೆಂಚಿನ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟೆ. ಡೆಸ್ಮಂಡ್ ನನ್ನ ಮುಂದೆ ನಿಂತು ಟೇಪನ್ನು ನನ್ನ ಕಣ್ಣಿಗೆ ಹಿಡಿದ. "ಇದನ್ನು ಬರೆದವಳು ನೀನಲ್ಲವೇ?" ಅಂದ. ಹೌದು ಅಂದೆ. ಎದ್ದೇಳಲಿಲ್ಲ.

ಬದಲಿ ಆಟಗಾರ ಇಳಿದ, ಕೆಟ್ಟದ್ದೇನೂ ಆಡಲಿಲ್ಲ. ಕೊನೆಯ ನಿಮಿಷದಲ್ಲಿ ಎರಡೂ ಕಡೆ ಇಪ್ಪತ್ತೊಂದು. ಎದುರಿನವರು ಕಂಬಗಳ ನಡುವೆ ಒದೆಯಲು ಹೋದರು, ಗುರಿ ತಪ್ಪಿತು. ಆದರೆ ಚೆಂಡು ಹಿಂದಿನ ಗೆರೆ ದಾಟಿ ಹೊರಗೆ ಹೋಯಿತು. ಇಲ್ಲಿಯ ಆಟದಲ್ಲಿ ಅದಕ್ಕೂ ಒಂದು ಅಂಕ. ಗುರಿ ತಪ್ಪಿದ ಒದೆತದಿಂದ ಸೋತೆವು.

ಹೊರಗೆ ಬರುವಾಗ ನನ್ನ ಮೇಲೆ ಕಾಫಿಯ ಲೋಟಗಳು ಬಿದ್ದವು. ರೇಡಿಯೊದಲ್ಲಿ ನಾನು "ಹೆಲ್ಮೆಟ್ ಹುಡುಗಿ."

ನೀವು ಹೇಳಿದ್ದಕ್ಕೆ ಪೂರಾ ವಿರುದ್ಧವಾದದ್ದನ್ನು ಮಾಡಿದೆ, ಅಕ್ಕೋರೆ. ಮತ್ತೆ ಅದೇ ಸಮಯ ಬಂದರೆ ಮತ್ತೆ ಮಾಡುತ್ತೇನೆ. ಇದನ್ನು ನಿಮಗೆ ಬರೆಯುವುದು ಮಕ್‌ಗ್ರಾ ಎದುರು ಕೂಡುವುದಕ್ಕಿಂತ ಕಷ್ಟವಾಯಿತು.

ಶಿವಾನಿ

*

ಮುರಗೋಡ
15 ನವೆಂಬರ್ 2025

ಶಿವಾನಿ,

ನಿನ್ನೆ ಪತ್ರ ಬಂತು.

ಒಬ್ಬನು ಹದಿನಾಲ್ಕು ವರ್ಷದ ಸೋಲನ್ನು ಹೆಗಲ ಮೇಲೆ ಹೊತ್ತು ಬಾಗಿಲವರೆಗೆ ತಂದ. ನೀನು ಬಾಗಿಲು ಹಾಕಿದೆ. ಆ ಹಕ್ಕು ನಿನಗೆ ಯಾರು ಕೊಟ್ಟರು? ನಾನಂತೂ ಕೊಟ್ಟಿಲ್ಲ. ಅಂದು ಧಾರವಾಡದಲ್ಲಿ ಯಾರಾದರೂ ನನ್ನನ್ನು ಹಾಗೆ ಕೂಡಿಸಿದ್ದರೆ ನಾನು ಇಂದು ಸಾಲಿಯ ಅಕ್ಕೋರಾಗಿರುತ್ತಿರಲಿಲ್ಲ. ಆ ಗೆಲುವಿನ ಪ್ರಮಾಣಪತ್ರದಿಂದ ನನಗೆ ನೌಕರಿ ಬಂತು. ಅದರಿಂದ ಶಂಕ್ರೆಪ್ಪ ಓದಿದ. ಹತ್ತಿ ವ್ಯಾಪಾರಿಯ ಮಗಳಿಗೆ ಒಂದು ಪಂದ್ಯ ಹೋದರೆ ಇನ್ನೊಂದು ಬರುತ್ತದೆ. ನಮಗೆ ಬರುತ್ತಿರಲಿಲ್ಲ.

ನನ್ನ ಮಾತನ್ನು ಅವನ ಕೈಮೇಲೆ ಬರೆದು, ನೀನೇ ಅಳಿಸಿದೆ.

ನಾಳೆ ಬೈಲಹೊಂಗಲದಲ್ಲಿ ಫೈನಲ್ ಇದೆ. ನನಗೆ ಕೆಲಸವಿದೆ.

ಕೃಷ್ಣವ್ವ

*

ಮುರಗೋಡ
19 ನವೆಂಬರ್ 2025

ಶಿವಾನಿ,

ಶನಿವಾರದ ಪತ್ರವನ್ನು ಅಂದೇ ಅಂಚೆಗೆ ಹಾಕಿಬಿಟ್ಟೆ. ಮರಳಿ ತರಲು ಹೋದೆ, ಸಿಗಲಿಲ್ಲ. ಅದು ನಿನ್ನನ್ನು ಮುಟ್ಟಿಯೇ ಮುಟ್ಟುತ್ತದೆ. ಇದು ಮೊದಲು ಮುಟ್ಟಲಿ ಎಂದು ಬೇಡಿಕೊಳ್ಳುತ್ತೇನೆ.

ಭಾನುವಾರದ ಪಂದ್ಯದಲ್ಲಿ ವಿರಾಮಕ್ಕೆ ಮುಂಚೆ ಎದುರು ತಂಡದ ಹುಡುಗಿಯ ಮೊಣಕಾಲು ಪ್ರಣಿತಾಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಎದ್ದಳು, ಮೈ ಕೊಡವಿಕೊಂಡಳು. ನಾನು ಚಪ್ಪಾಳೆ ತಟ್ಟಿದೆ. ಮುಂದಿನ ರೈಡ್ ಅವಳದೇ. "ಕಬಡ್ಡಿ ಕಬಡ್ಡಿ" ಅನ್ನುತ್ತ ಹೊರಟಳು. ನಡುಗೆರೆ ದಾಟಲಿಲ್ಲ. ಹಿಂದಕ್ಕೆ ತಿರುಗಿ ನಮ್ಮ ಅಂಕಣದೊಳಗೇ ಬಂದು, ನಮ್ಮ ಹುಡುಗಿಯ ಭುಜ ಮುಟ್ಟಿ, ಗೆದ್ದ ಹಾಗೆ ಕೈ ಎತ್ತಿದಳು. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು.

ನನಗೆ ನಿನ್ನ ಡೆಸ್ಮಂಡ್‌ನ ಎರಡು ಹೆಜ್ಜೆ ಕಂಡವು. ಹೊರಗೆ ಕರೆದೆ.

"ಆಡತೇನ್ರಿ ಅಕ್ಕೋರ, ನನಗೇನೂ ಆಗಿಲ್ಲ" ಎಂದು ಕೈಮೇಲಿನ ಅಕ್ಷರ ತೋರಿಸಿದಳು.

"ಕುಂಡ್ರು" ಅಂದೆ. ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ನಾನು ಯಾವ ಹುಡುಗಿಗೂ ಹೇಳಿರಲಿಲ್ಲ.

ರಾಮಲಿಂಗಪ್ಪ ಅಂಕಣದ ಒಳಗೇ ಬಂದರು. "ಏನ್ರೀ ಅಕ್ಕೋರ, ಗೆಲ್ಲೂ ಮ್ಯಾಚ್ ಕೈಯಾರೆ ಕಳೀತೀರೇನು? ಹುಡುಗಿ ನಿಂತಾಳಲ್ಲ! ನಗಾಕತ್ತಾಳಲ್ಲ!"

"ನಗಾಕತ್ತಾಳ್ರಿ. ಯಾವ ಊರಾಗ ನಿಂತೇನಿ ಅಂತ ಗೊತ್ತಿಲ್ಲದ ನಗಾಕತ್ತಾಳ."

"ಆಕಿ ಆಡಬೇಕು. ಇದು ನನ್ನ ಮಾತು."

"ಆಡೂದಿಲ್ಲ. ಇದು ನನ್ನ ಮಾತು."

ನಾಲ್ಕು ಅಂಕದಿಂದ ಸೋತೆವು. ಮರಳುವಾಗ ಜೀಪಿನಲ್ಲಿ ಪ್ರಣಿತಾ ಎರಡು ಸಲ ವಾಂತಿ ಮಾಡಿಕೊಂಡಳು. ನೇರ ಆಸ್ಪತ್ರೆಗೆ ಒಯ್ದೆವು. ಈಗ ಆರಾಮ ಇದ್ದಾಳೆ. ಆರು ವಾರ ಆಡಬಾರದು ಎಂದಿದ್ದಾರೆ.

ಇನ್ನು ನನ್ನ ಮಾತು. ಇಷ್ಟು ದಿನ ಬರೆಯದೇ ಇದ್ದದ್ದು.

ಧಾರವಾಡದ ಫೈನಲ್‌ನ ಕೊನೆಯ ಎರಡು ನಿಮಿಷ ನನಗೆ ನೆನಪಿಲ್ಲ. ಎಂದೂ ಇರಲಿಲ್ಲ. ಬೇರೆಯವರು ಹೇಳಿದ್ದನ್ನು ಕೇಳಿ ಕೇಳಿ ನನ್ನದೆಂದು ಹೇಳುತ್ತ ಬಂದೆ. ಆ ಪೆಟ್ಟಿಗೆ ಮೊದಲೂ ಪೆಟ್ಟು ಬಿದ್ದಿದ್ದವು, ನಂತರವೂ ಬಿದ್ದವು. ತಲೆಶೂಲೆ ಅಂದಿನಿಂದಲೇ ಇದೆ. ಎರಡು ವರ್ಷದಿಂದ ಮೊಬೈಲಿನ ಬೆಳಕು ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಅದಕ್ಕೇ ಶಂಕ್ರೆಪ್ಪನ ಕೈಲಿ ಕಾಗದ ಬರೆ ಅನ್ನಿಸಿದ್ದು. ಈ ವರ್ಷ ಮಾತಿನ ನಡುವೆ ಶಬ್ದಗಳು ಬಿದ್ದು ಹೋಗುತ್ತಿವೆ. ಹುಡುಗಿಯರ ಹಾಜರಿ ಕೂಗುವಾಗ ಕೆಮ್ಮಿದ ಹಾಗೆ ಮಾಡಿ ತಪ್ಪಿಸಿಕೊಳ್ಳುತ್ತೇನೆ. ನಿನ್ನ ಸೆಪ್ಟೆಂಬರಿನ ಪತ್ರ ಓದಿ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಅದಕ್ಕೇ ಉತ್ತರ ಬರೆಯಲಿಲ್ಲ. ಅಕ್ಟೋಬರಿನಲ್ಲಿ ಹುಡುಗಿಯರನ್ನು ಕಿತ್ತೂರ ಉತ್ಸವದ ಪಂದ್ಯಕ್ಕೆ ಕರೆದುಕೊಂಡು ಹೋದಾಗ, ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಯಾವ ಊರಿಗೆ ಎಂಬುದೇ ತಿಳಿಯದೆ ಒಂದು ತಾಸು ನಿಂತಿದ್ದೆ. ಬೋರ್ಡುಗಳನ್ನು ಓದುತ್ತಿದ್ದೆ, ಯಾವುದೂ ನನ್ನ ಊರು ಅನ್ನಿಸುತ್ತಿರಲಿಲ್ಲ. ಹುಡುಗಿಯರು ನಾನು ಯಾರನ್ನೋ ಕಾಯುತ್ತಿದ್ದೇನೆ ಅಂದುಕೊಂಡರು.

ನಿನ್ನೆ ಶಂಕ್ರೆಪ್ಪನಿಗೆ ಎಲ್ಲ ಹೇಳಿದೆ. ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದ. ತಲೆಶೂಲೆಗೆ ಮದ್ದಿದೆ ಎಂದರು. ಮರೆವು ಹೆಚ್ಚುತ್ತದೋ ಇಲ್ಲವೋ ಹೇಳಲಾಗದು ಎಂದರು. ಇನ್ನು ಒಂದೂ ಪೆಟ್ಟು ಬೀಳಬಾರದು. ಹುಡುಗಿಯರಿಗೆ ಹಿಡಿತ ತೋರಿಸಲು ಅಂಕಣಕ್ಕೆ ಇಳಿಯುವುದನ್ನು ಇಂದಿನಿಂದಲೇ ಬಿಡಬೇಕು.

ಆ ಕಾಲದಲ್ಲಿ ಕೂತಿದ್ದರೆ ನನ್ನನ್ನು ಮತ್ತೆ ಕರೆಯುತ್ತಿರಲಿಲ್ಲ, ಅದು ಇಂದಿಗೂ ನಿಜ. ಅದಕ್ಕೆ ನಾಚಿಕೆಪಡಬೇಕಾದವರು ಕರೆಯದೇ ಇರುವವರು. ಅದು ತಿಳಿಯದೆ ಇಪ್ಪತ್ತು ವರ್ಷ ಆ ಭಾರವನ್ನು ಹುಡುಗಿಯರ ತಲೆಯ ಮೇಲೆ ಹೊರಿಸಿದೆ.

ನೀನು ಮಾಡಿದ್ದು ಸರಿ. ನನಗೆ ಹಾಗೆ ಮಾಡುವವರು ಯಾರೂ ಇರಲಿಲ್ಲ.

ಕೃಷ್ಣವ್ವ

*

ಕೆನಡಾ
10 ಡಿಸೆಂಬರ್ 2025

ಅಕ್ಕೋರೆ,

ಎರಡೂ ಪತ್ರ ಒಂದೇ ದಿನ ಬಂದವು. ಅಂಚೆ ಮುದ್ರೆಯ ತಾರೀಕು ನೋಡಿ ಶನಿವಾರದ್ದನ್ನು ಮೊದಲು ಓದಿದೆ. ಓದಿ ಕೋಟು ಹಾಕಿಕೊಂಡು ಹಿಮದಲ್ಲಿ ಒಂದು ಸುತ್ತು ನಡೆದು ಬಂದು ಇನ್ನೊಂದನ್ನು ಒಡೆದೆ.

ಹತ್ತಿ ವ್ಯಾಪಾರಿಯ ಮಗಳ ಬಗ್ಗೆ ನೀವು ಬರೆದದ್ದನ್ನು ಹಿಂತೆಗೆದುಕೊಳ್ಳಬೇಡಿ. ಅದು ನಿಜ. ನಿಮ್ಮ ಕಥೆ ಹೇಳಿ ಕೈತಟ್ಟಿಸಿಕೊಂಡೆ, ನೀವು ಯಾಕೆ ಕೂಡಲಿಲ್ಲ ಎಂದು ಒಂದು ದಿನವೂ ಯೋಚಿಸಲಿಲ್ಲ.

ನಿಮ್ಮ ಹಳೆಯ ಪತ್ರಗಳನ್ನು ಮತ್ತೆ ತೆಗೆದು ನೋಡಿದೆ. ಎಲ್ಲವೂ ಅಲ್ಲೇ ಇತ್ತು. ಕೆಳಗಿಳಿದ ಸಾಲು, ಎರಡು ಸಲದ ಸವದತ್ತಿ, ನಾನು ಆಡದ ಫೈನಲ್. ಇದೇ ನನ್ನ ಕೆಲಸ, ಇದಕ್ಕೇ ನನಗೆ ಪಗಾರ. ಮೈದಾನದ ಆ ತುದಿಯಲ್ಲಿ ಒಬ್ಬನ ಎರಡು ಹೆಜ್ಜೆ ತಪ್ಪಿದ್ದನ್ನು ಕಂಡವಳು, ನಿಮ್ಮ ಪತ್ರವನ್ನು ಕೈಯಲ್ಲಿ ಹಿಡಿದು "ಸಿಟ್ಟಾಯಿತೇ" ಎಂದು ಕೇಳಿದೆ. ನಿಮಗೆ ನೋವಾಗಬಹುದು ಎಂಬುದೇ ನನಗೆ ಹೊಳೆಯಲಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ಪಂದ್ಯದ ಮರುದಿನವೇ ನನ್ನನ್ನು ಮನೆಗೆ ಕಳಿಸಿದರು. ನಿಮಗೆ ಬರೆಯುವಾಗ ನಾನು ಕೆಲಸದಲ್ಲಿರಲಿಲ್ಲ. ನವೆಂಬರಿನಲ್ಲಿ ಕರೆದು ಒಂದು ಹಾಳೆ ಮುಂದಿಟ್ಟರು. ಅವಸರದಲ್ಲಿ, ಪೂರ್ತಿ ಪರೀಕ್ಷೆಗೆ ಮುಂಚೆ ಆಟಗಾರನನ್ನು ತಡೆದೆ, ತಪ್ಪಾಯಿತು ಎಂದು ಸಹಿ ಮಾಡಿದರೆ ಮುಂದಿನ ವರ್ಷವೂ ಕೆಲಸ. ಡಾಕ್ಟರ್ ಅಲ್ಲೇ ಇದ್ದರು. ಅಂದು ವಿರಾಮದಲ್ಲಿ ಡೆಸ್ಮಂಡ್‌ನನ್ನು ನೋಡಿ, ಸರಿ ಮಾಡಿದೆ ಎಂದು ನನ್ನ ಕಿವಿಯಲ್ಲಿ ಹೇಳಿದವರು ಈಗ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಹಾಳೆಯನ್ನು ತಿರುಗಿಸಿ, ಅದರ ಹಿಂದೆ ನಡೆದದ್ದನ್ನು ನಡೆದ ಹಾಗೆ ಬರೆದು, ಅದಕ್ಕೆ ಸಹಿ ಹಾಕಿದೆ. ಅದರ ಒಂದು ಪ್ರತಿಯನ್ನು ಆಟಗಾರರ ಸಂಘಕ್ಕೂ ಕಳಿಸಿದೆ. ನಾಲ್ಕು ದಿನದಲ್ಲಿ ತಂಡದವರಿಂದ ಎರಡು ಸಾಲಿನ ಉತ್ತರ ಬಂತು: ನಿಮ್ಮ ಸೇವೆಗೆ ಧನ್ಯವಾದ.

ಡೆಸ್ಮಂಡ್ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಹೋದ ವಾರ ಹೆಂಡತಿಯ ಜೊತೆ ಮನೆಗೆ ಬಂದ. ಚಹಾ ಕುಡಿಯುತ್ತ, "ನಾನು ಹೊರಗೆ ಬಂದಾಗ ಅಂಕ ಎಷ್ಟಿತ್ತು?" ಎಂದು ಕೇಳಿದ. ಹದಿನಾಲ್ಕು, ಹದಿನಾಲ್ಕು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಹೇಳಿದೆ. ಮೂರನೆಯ ಸಲ ಕೇಳಿದಾಗ ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ವಸಂತದವರೆಗೆ ವಿಶ್ರಾಂತಿ ಎಂದಿದ್ದಾರೆ. ಸುಧಾರಿಸುತ್ತಾನೆ ಎಂಬ ಭರವಸೆಯಿದೆ.

ಒಂದು ಕಾಲೇಜು ತಂಡದವರು ಸಂದರ್ಶನಕ್ಕೆ ಕರೆದಿದ್ದರು. ಮೊದಲ ಪ್ರಶ್ನೆ, "ಆ ಹೆಲ್ಮೆಟ್ ಹುಡುಗಿ ನೀನೇ ಏನು?"

"ನಾನೇ. ಇಲ್ಲಿಯೂ ಅದನ್ನೇ ಮಾಡುತ್ತೇನೆ. ಬೇಡವಾದರೆ ಈಗಲೇ ಹೇಳಿ" ಅಂದೆ. ನಾಳಿದ್ದು ತಿಳಿಸುತ್ತಾರಂತೆ. ಸಿಗದಿದ್ದರೆ ಇನ್ನೊಂದು ನೋಡುತ್ತೇನೆ.

ಇನ್ನು ಮೇಲೆ ನೀವು ಬರೆಯುವಾಗ ಮರೆತ ಶಬ್ದದ ಜಾಗ ಖಾಲಿ ಬಿಡಿ. ಮುಚ್ಚಬೇಡಿ. ಖಾಲಿ ಇದ್ದರೆ ನಾನು ಓದಿಕೊಳ್ಳುತ್ತೇನೆ.

ಶಿವಾನಿ

*

ಮುರಗೋಡ
4 ಜನವರಿ 2026

ಶಿವಾನಿ,

ಮೊದಲೇ ಹೇಳಿಬಿಡುತ್ತೇನೆ, ರಾಮದುರ್ಗದ ಪಂದ್ಯಾವಳಿಯಲ್ಲಿ ಸೋತೆವು. ಮೂರನೆಯ ಸ್ಥಾನ.

ಪಂದ್ಯ ಡಿಸೆಂಬರ್ ಇಪ್ಪತ್ತೊಂದಕ್ಕಿತ್ತು. ಪ್ರಣಿತಾಳ ಆರು ವಾರ ಮುಗಿದಿರಲಿಲ್ಲ. ಹಿಂದಿನ ದಿನ ರಾಮಲಿಂಗಪ್ಪ ಬಯಲಿಗೆ ಬಂದು, ಆಕೆ ಆಡದಿದ್ದರೆ ತಮ್ಮ ಜೀಪೂ ಇಲ್ಲ, ಜರ್ಸಿಯೂ ಇಲ್ಲ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯರು ಮನೆಗೆ ಓಡಿದರು. ಹೆದರಿ ಹೋದರು ಅಂದುಕೊಂಡೆ. ಜರ್ಸಿಗಳನ್ನು ಒಗೆದು ಮಡಿಚಿಟ್ಟಿದ್ದನ್ನು ತಂದು ಅವರ ಕೈಗೇ ಕೊಟ್ಟರು. ಬೆಳಿಗ್ಗೆ ಸಾಲಿಯ ಸಮವಸ್ತ್ರದಲ್ಲಿ, ಸರಕಾರಿ ಬಸ್ಸಿನಲ್ಲಿ ರಾಮದುರ್ಗಕ್ಕೆ ಹೋದೆವು. ಯಾವ ಬಸ್ಸು ಎಂದು ನೋಡುವ ಕೆಲಸ ಈಗ ಪ್ರಣಿತಾಳದು. ನಾನೇ ವಹಿಸಿದ್ದೇನೆ. ಯಾಕೆ ಎಂಬುದನ್ನೂ ಎಲ್ಲರಿಗೂ ಹೇಳಿದ್ದೇನೆ.

ನಾನು ಕಪ್ಪು ಕನ್ನಡಕ ಹಾಕಿಕೊಂಡು ಗೆರೆಯ ಹೊರಗೆ ಕೂತಿದ್ದೆ. ಸೆಮಿಫೈನಲ್ ಶುರುವಾಗುವ ಮುಂಚೆ ಮೈಕು ಹಿಡಿದವನು, "ಮುರಗೋಡದ ಚಲೋ ರೇಡರ್ ಎಲ್ಲಿ ಅದಾಳ್ರಿ? ಸಿಟ್ಟು ಮಾಡಿ ಕುಂತಾಳೇನು?" ಎಂದು ಕೂಗಿದ. ಜನ ನಕ್ಕರು. ಪ್ರಣಿತಾ ತಲೆ ತಗ್ಗಿಸಿದಳು. ನಾನು ಎದ್ದು ಹೋಗಿ ಮೈಕು ಇಸಿದುಕೊಂಡೆ.

"ಆಕಿ ಹೆಸರು" ಅಂದೆ. ಬರಲಿಲ್ಲ. ದಿನಾ ನೂರು ಸಲ ಕೂಗುವ ಹೆಸರು. ಎರಡು ಸಾವಿರ ಮಂದಿ ನೋಡುತ್ತಿದ್ದಾರೆ, ನನ್ನ ನಾಲಗೆಯ ಮೇಲೆ ಏನೂ ಇಲ್ಲ. ಹಿಂದೆ ಆಗಿದ್ದರೆ ಕೆಮ್ಮು ಬಂದ ಹಾಗೆ ಮಾಡಿ ಮೈಕು ಕೊಟ್ಟುಬಿಡುತ್ತಿದ್ದೆ. ಯಾರೋ ಕಿಸಕ್ಕನೆ ನಕ್ಕರು.

"ಹೆಸರು ಮರತೇನಿ" ಎಂದು ಮೈಕಿನಲ್ಲೇ ಹೇಳಿದೆ. "ತಡೀರಿ, ಬರತೈತಿ."

ನಿಂತೆ. ನಕ್ಕವನ ಕಡೆಗೇ ನೋಡುತ್ತ ನಿಂತೆ. ಹುಡುಗಿಯರಿಗೆ ಹೆಸರು ಗೊತ್ತು, ಕೂಗಿ ಹೇಳಬಹುದಿತ್ತು. ಒಬ್ಬಳೂ ಹೇಳಲಿಲ್ಲ. ನನಗೆ ಬಿಟ್ಟರು. ಅರ್ಧ ನಿಮಿಷವಾಯಿತು ಎಂದು ಜೊತೆಗೆ ಬಂದಿದ್ದ ಶಂಕ್ರೆಪ್ಪ ಆಮೇಲೆ ಹೇಳಿದ. ನನಗೆ ಒಂದು ತಾಸು ಅನ್ನಿಸಿತ್ತು.

ಬಂತು.

"ಪ್ರಣಿತಾ! ಪ್ರಣಿತಾ ಅಂತ ಆಕಿ ಹೆಸರು. ತಲಿಗೆ ಪೆಟ್ಟು ಬಿದ್ದೈತಿ, ಅದಕ್ಕ ಇವತ್ತ ಆಡೂದಿಲ್ಲ. ಕುಂಡ್ರಿಸಿದಾಕಿ ನಾನು. ಮುಂದಿನ ತಿಂಗಳ ಕರದು ಆಡಿಸಾಕಿನೂ ನಾನ. ನನ್ನ ತಲಿಗೂ ಪೆಟ್ಟು ಬಿದ್ದಾವು, ಅದಕ್ಕ ಹೆಸರು ಮರತೆ. ಇದ್ರಾಗ ನಗೂದು ಏನೂ ಇಲ್ಲ. ಈಗ ಮ್ಯಾಚ್ ಚಾಲೂ ಮಾಡ್ರಿ."

ಕೃಷ್ಣವ್ವ